ಕನ್ನಡದ ಆವರ್ತ ಕೋಷ್ಟಕ ಗೋಡೆಪಟ: ಒಂದು ವರ್ಷ ಬಳಸಿದ ಮೇಲೆ

ಬದಿಯಡ್ಕದ ಸಮೀಪ ನಮ್ಮ ಮನೆಯ ಜಗಲಿಯಲ್ಲಿ ಪ್ಲಸ್ ವನ್ (ಹನ್ನೊಂದನೆಯ ತರಗತಿ) ಮಕ್ಕಳಿಗೆ ರಸಾಯನಶಾಸ್ತ್ರದ ಟ್ಯೂಷನ್ ಹೇಳಲು ತೊಡಗಿದಂದಿನಿಂದಲೂ, ಗೋಡೆಗೆ ತೂಗುಹಾಕಲು ಕನ್ನಡದ ಆವರ್ತ ಕೋಷ್ಟಕವೊಂದು ಸಿಕ್ಕಿದರೆ ಎಷ್ಟು ಅನುಕೂಲವೆಂದು ನನಗೆ ಅನಿಸುತ್ತಲೇ ಇತ್ತು. ನಮ್ಮ ಮಕ್ಕಳಲ್ಲಿ ಅನೇಕರು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಅಲ್ಲಿಂದ ನೇರವಾಗಿ ಇಂಗ್ಲಿಷ್ ಪುಸ್ತಕದ ಎದುರು ಕುಳಿತುಕೊಳ್ಳಬೇಕಾಗುತ್ತದೆ. ತರಗತಿಯ ವಿವರಣೆ ಎಷ್ಟೋ ಕಡೆ ಮಲಯಾಳದಲ್ಲಿ ನಡೆಯುತ್ತದೆ. ಪರಮಾಣುವಿನ ರಚನೆಯಂಥ ಕಣ್ಣಿಗೆ ಕಾಣದ ವಿಷಯವನ್ನು ಮೂರು ಭಾಷೆಗಳ ನಡುವೆ ನಿಂತು ಗ್ರಹಿಸಬೇಕಾದ ಈ ಮಕ್ಕಳಿಗೆ, ತಮ್ಮದೇ ಲಿಪಿಯಲ್ಲಿ ಧಾತುಗಳ ಹೆಸರು ಕಂಡರೆ ಅರ್ಧ ಭಯ ಹೋಗುತ್ತದೆ. ಕಾಸರಗೋಡಿನ ಅಂಗಡಿಗಳಲ್ಲಿ ಇಂಗ್ಲಿಷ್ ಮತ್ತು ಮಲಯಾಳದ ಪಟಗಳು ಸುಲಭವಾಗಿ ಸಿಗುತ್ತವೆ. ಕನ್ನಡದ್ದನ್ನು ಸ್ಟೇಷನರಿ ಅಂಗಡಿಯವರೊಬ್ಬರು ಮಂಗಳೂರಿನಿಂದ ತರಿಸಿಕೊಟ್ಟರು. ಬೆಲೆ 280 ರೂಪಾಯಿ. ಇದರ ತಪ್ಪುಗಳನ್ನೂ ಹೇಳಲೇಬೇಕಾಗಿರುವುದರಿಂದ ಪ್ರಕಾಶಕರ ಹೆಸರನ್ನು ಬರೆಯುತ್ತಿಲ್ಲ. ಲ್ಯಾಮಿನೇಟ್ ಮಾಡಿದ, ಮೇಲೆ ಕೆಳಗೆ ಕರಿಯ ಪಟ್ಟಿಯಿರುವ, ಪ್ರತಿ ಸಾಲಿನ ಎಡಬದಿಯಲ್ಲಿ ಉಪಕವಚಗಳ (ಪರಮಾಣುವಿನಲ್ಲಿ ಎಲೆಕ್ಟ್ರಾನ್‌ಗಳು ತುಂಬುವ ಹಂತಗಳ) ಹೆಸರು ಮುದ್ರಿಸಿರುವ ದೊಡ್ಡ ಪಟವೆಂದರೆ ಗುರುತು ಸಿಗುತ್ತದೆ.

ಆ ಎಡಬದಿಯ ಬರಹವೇ ಈ ಪಟದ ನಿಜವಾದ ಬೆಲೆ. ಸಾಮಾನ್ಯವಾಗಿ ಗೋಡೆಪಟಗಳು ಲೋಹಕ್ಕೊಂದು ಬಣ್ಣ, ಅಲೋಹಕ್ಕೊಂದು ಬಣ್ಣ, ಅನಿಲಕ್ಕೊಂದು ಬಣ್ಣ ಎಂದು ಹಂಚಿ ಸುಮ್ಮನಾಗುತ್ತವೆ. ಇದು ಎಸ್, ಪಿ, ಡಿ, ಎಫ್ ಎಂಬ ನಾಲ್ಕು ಬ್ಲಾಕ್‌ಗಳಿಗೆ ನಾಲ್ಕು ಬಣ್ಣಗಳನ್ನು ಕೊಟ್ಟು, ನಾಲ್ಕನೆಯ ಆವರ್ತದ, ಅಂದರೆ ಅಡ್ಡಸಾಲಿನ, ಅಂಚಿನಲ್ಲಿ 4ಎಸ್, 3ಡಿ, 4ಪಿ ಎಂದು ತುಂಬುವ ಕ್ರಮವನ್ನೇ ಬರೆದಿದೆ. ಇದರಿಂದಾಗಿ ಕೋಷ್ಟಕವು ಬಾಯಿಪಾಠ ಮಾಡುವ ಪಟ್ಟಿಯಾಗಿ ಉಳಿಯದೆ, ಬೆರಳಿಟ್ಟು ಓದಬಹುದಾದ ಬರಹವಾಗುತ್ತದೆ. ಬ್ರೋಮಿನ್‌ನ ಎಲೆಕ್ಟ್ರಾನ್ ವಿನ್ಯಾಸ ಬೇಕೆಂದರೆ ನಾಲ್ಕನೆಯ ಆವರ್ತದ ಎಡತುದಿಯಲ್ಲಿ ಬೆರಳಿಡಬೇಕು. ಹಿಂದಿನ ಸಾಲಿನ ಕೊನೆಯಲ್ಲಿರುವ ಆರ್ಗಾನ್‌ವರೆಗೆ 18 ಎಲೆಕ್ಟ್ರಾನ್‌ಗಳು ಮುಗಿದಿವೆ. ಎಸ್ ಬ್ಲಾಕ್‌ನ ಎರಡು ಮನೆ ದಾಟಿದರೆ 4ಎಸ್‌ನಲ್ಲಿ ಎರಡು, ಡಿ ಬ್ಲಾಕ್‌ನ ಹತ್ತು ಮನೆ ದಾಟಿದರೆ 3ಡಿಯಲ್ಲಿ ಹತ್ತು, ಅನಂತರ ಪಿ ಬ್ಲಾಕ್‌ನ ಐದನೆಯ ಮನೆಯಲ್ಲಿ ಬ್ರೋಮಿನ್ ಇರುವುದರಿಂದ 4ಪಿಯಲ್ಲಿ ಐದು. ಕೂಡಿಸಿದರೆ 35, ಅದೇ ಬ್ರೋಮಿನ್‌ನ ಪರಮಾಣು ಸಂಖ್ಯೆ. ಉಪಕವಚ ತುಂಬುವ ಕ್ರಮದ ಸೂತ್ರಕ್ಕಾಗಿ ಬಾಣಗಳನ್ನು ಓರೆಯಾಗಿ ಎಳೆದು ಎಳೆದು ಸುಸ್ತಾಗಿದ್ದ ಹುಡುಗನೊಬ್ಬ ಈ ರೀತಿಯಲ್ಲಿ ಕಬ್ಬಿಣ, ಸತು, ಅಯೋಡಿನ್ ಮೂರನ್ನೂ ಒಂದೇ ಸಂಜೆ ತಾನೇ ಓದಿದ. ಆವರ್ತಗಳ ಉದ್ದ 2, 8, 8, 18, 18, 32, 32 ಎಂದು ಏಕೆ ಬೆಳೆಯುತ್ತದೆಂಬುದನ್ನು ಪ್ರತ್ಯೇಕವಾಗಿ ವಿವರಿಸಬೇಕಾಗಿಯೇ ಬರಲಿಲ್ಲ. 2, 6, 10, 14 ಎಂಬ ಬ್ಲಾಕ್‌ಗಳ ಅಗಲವನ್ನು ಮಕ್ಕಳೇ ಎಣಿಸಿಕೊಂಡರು.

ಹೀಲಿಯಂ ವಿಷಯದಲ್ಲಿ ಪಟ ಮಾಡಿದವರು ತೋರಿಸಿದ ಎಚ್ಚರವನ್ನೂ ಮೆಚ್ಚಬೇಕು. ನಿಯಾನ್‌ನ ತಲೆಯ ಮೇಲೆ, 18ನೆಯ ಗುಂಪಿನಲ್ಲೇ ಅದನ್ನು ಇರಿಸಿದ್ದರೂ ಬಣ್ಣ ಮಾತ್ರ ಎಸ್ ಬ್ಲಾಕ್‌ನದು, ಏಕೆಂದರೆ ಅದರ ಎರಡೂ ಎಲೆಕ್ಟ್ರಾನ್‌ಗಳು 1ಎಸ್‌ನಲ್ಲಿವೆ. ವಿನ್ಯಾಸ ಒಂದು ಕಡೆಗೆ ಎಳೆದರೆ ಗುಣ ಇನ್ನೊಂದು ಕಡೆಗೆ ಎಳೆಯುವ ಈ ಒಂದು ಮನೆಯನ್ನು ಮುಂದಿಟ್ಟುಕೊಂಡು ನಾನು ಅರ್ಧ ಗಂಟೆ ಪಾಠ ಮಾಡಿದ್ದೇನೆ.

ಪಟದ ಕೆಳಮೂಲೆಯಲ್ಲಿ ಕಕ್ಷಕಗಳನ್ನು (ಉಪಕವಚದೊಳಗೆ ಎಲೆಕ್ಟ್ರಾನ್‌ಗಳಿರುವ ಜಾಗಗಳನ್ನು) ಚೌಕಗಳಾಗಿ ಬರೆದು, ಹುಂಡ್ ನಿಯಮವನ್ನು ಬಾಣಗಳಿಂದ ತೋರಿಸಿದ್ದಾರೆ. ಚಿತ್ರ ಸಣ್ಣದು, ಹಿಂದಿನ ಬೆಂಚಿಗೆ ಕಾಣುವುದಿಲ್ಲ. ಅದಕ್ಕೆ ನಾನು ಅಟ್ಟದಿಂದ ಚೆನ್ನೆಮಣೆ ಇಳಿಸಿದೆ. ಒಂದು ಸಾಲಿಗೆ ಏಳು ಗುಳಿಯಂತೆ ಎರಡು ಸಾಲಿರುವ ಆ ಮಣೆಯ ಒಂದು ಸಾಲು ಎಫ್ ಉಪಕವಚದ ಏಳು ಕಕ್ಷಕಗಳಿಗೆ ಸರಿಯಾಗಿ ಹೊಂದುತ್ತದೆ. ಮಂಜೊಟ್ಟಿ ಕಾಯಿಗಳನ್ನು ಮೊದಲು ಗುಳಿಗೆ ಒಂದರಂತೆ ಹಾಕುತ್ತ ಹೋಗಬೇಕು. ಏಳೂ ಗುಳಿಗಳಿಗೆ ಒಂದೊಂದು ಬಿದ್ದ ಮೇಲೆಯೇ ಎರಡನೆಯ ಸುತ್ತು. ಯಾವ ಗುಳಿಯಲ್ಲಿಯೂ ಎರಡಕ್ಕಿಂತ ಹೆಚ್ಚು ಕಾಯಿ ಇರಕೂಡದು. ಮೊದಲನೆಯ ಕಟ್ಟುಪಾಡು ಹುಂಡ್‌ನದು, ಕೊನೆಯದು ಪೌಲಿಯದು. ಐದು ಗುಳಿ ಬಳಸಿದರೆ ಡಿ, ಮೂರು ಬಳಸಿದರೆ ಪಿ.

ಹೀಗೆ ಎಣಿಸುವುದು ಅಭ್ಯಾಸವಾದ ಮೇಲೆಯೇ ಪಟದ ಮೊದಲ ಕೊರತೆ ಹೊರಬಿತ್ತು. ಮುಂದಿನ ಸಾಲಿನಲ್ಲಿ ಕೂರುವ ಹುಡುಗಿಯೊಬ್ಬಳು ಕೆಳಗಿನ ಎರಡು ಪ್ರತ್ಯೇಕ ಸಾಲುಗಳನ್ನು ನೋಡುತ್ತಿದ್ದವಳು, "ಟೀಚರೇ, ಎಫ್‌ನಲ್ಲಿ 14 ಅಲ್ಲವಾ ಹಿಡಿಯುವುದು? ಇಲ್ಲಿ ಮನೆ 15 ಉಂಟಲ್ಲ?" ಎಂದು ಕೇಳಿದಳು. ಅವಳ ಎಣಿಕೆ ಸರಿ. ಲ್ಯಾಂಥನಮ್‌ನಿಂದ ಲುಟೇಷಿಯಂವರೆಗೆ, ಆಕ್ಟಿನಿಯಂನಿಂದ ಲಾರೆನ್ಷಿಯಂವರೆಗೆ ಹದಿನೈದು ಹದಿನೈದು ಧಾತುಗಳನ್ನು ಒಂದೇ ಬಣ್ಣದಲ್ಲಿ ಕೆಳಗಿಳಿಸಿ, ಮೂರನೆಯ ಗುಂಪಿನಲ್ಲಿ ಇಟ್ರಿಯಂನ ಕೆಳಗೆ ಬರೀ ಗುರುತು ಹಾಕಿದ್ದಾರೆ. ಇದು ಈ ಪ್ರಕಾಶಕರ ಕೆಲಸವೇನಲ್ಲ, ಲೋಕದಲ್ಲಿ ಬಹಳ ಕಾಲದಿಂದ ರೂಢಿಯಲ್ಲಿರುವ ವಿಧಾನ. ಇಟ್ರಿಯಂನ ಕೆಳಗೆ ಲ್ಯಾಂಥನಮ್ ಬರಬೇಕೋ ಲುಟೇಷಿಯಂ ಬರಬೇಕೋ ಎಂಬ ಚರ್ಚೆಯೂ ಹಳೆಯದೇ. ಆದರೆ ಬ್ಲಾಕ್‌ಗಳನ್ನೇ ಆಧಾರವಾಗಿಟ್ಟುಕೊಂಡ ಪಟದಲ್ಲಿ ಎಫ್ ಬ್ಲಾಕ್‌ನ ಅಗಲ 15 ಆಗಬಾರದಿತ್ತು ಎಂದೇ ನನ್ನ ಅಭಿಪ್ರಾಯ.

ಇನ್ನು ಹೇಳುವುದು ರೂಢಿಯ ಮಾತಲ್ಲ, ಖಚಿತವಾದ ತಪ್ಪು. ಕ್ರೋಮಿಯಂನ ಮನೆಯಲ್ಲಿ 3ಡಿಯಲ್ಲಿ ನಾಲ್ಕು, 4ಎಸ್‌ನಲ್ಲಿ ಎರಡು ಎಂದೂ, ತಾಮ್ರದ ಮನೆಯಲ್ಲಿ 3ಡಿಯಲ್ಲಿ ಒಂಬತ್ತು, 4ಎಸ್‌ನಲ್ಲಿ ಎರಡು ಎಂದೂ ಮುದ್ರಿಸಿದ್ದಾರೆ. ಸಾಲಿನ ನಿಯಮವನ್ನು ಯಾಂತ್ರಿಕವಾಗಿ ಅನುಸರಿಸಿದರೆ ಬರುವ ಉತ್ತರ ಅದು. ವಾಸ್ತವದಲ್ಲಿ ಕ್ರೋಮಿಯಂನಲ್ಲಿ 3ಡಿ ಐದು, 4ಎಸ್ ಒಂದು. ತಾಮ್ರದಲ್ಲಿ 3ಡಿ ಹತ್ತು, 4ಎಸ್ ಒಂದು. 4ಎಸ್ ಮತ್ತು 3ಡಿಗಳ ಶಕ್ತಿ ಹತ್ತಿರಹತ್ತಿರವೇ ಇರುವುದರಿಂದ, ಅರ್ಧ ತುಂಬಿದ ಅಥವಾ ಪೂರ್ತಿ ತುಂಬಿದ ಡಿ ಉಪಕವಚಕ್ಕೆ ದೊರೆಯುವ ಸ್ಥಿರತೆ ಇಲ್ಲಿ ಮೇಲುಗೈ ಪಡೆಯುತ್ತದೆ. ಪೆಲೇಡಿಯಂನಲ್ಲಿಯೂ ಇದೇ ಬಗೆಯ ತಪ್ಪಿದೆ: ಅದರ 4ಡಿಯಲ್ಲಿ ಹತ್ತು ಎಲೆಕ್ಟ್ರಾನ್‌ಗಳಿದ್ದು 5ಎಸ್ ಖಾಲಿಯಿರಬೇಕು. ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಕೇಳುವುದು ಕ್ರೋಮಿಯಂ ಮತ್ತು ತಾಮ್ರದ ಬಗ್ಗೆಯೇ ಆಗಿರುವಾಗ, ವಿದ್ಯಾರ್ಥಿಗಳಿಗೆಂದೇ ಮಾಡಿದ ಪಟದಲ್ಲಿ ಈ ಎರಡು ಮನೆಗಳು ತಪ್ಪಾಗಿರುವುದು ನನಗೆ ತುಂಬ ಬೇಸರ ತಂದಿತು.

ತಾಮ್ರ ನಮಗೆ ದೂರದ ವಸ್ತುವೂ ಅಲ್ಲ. ಮಳೆಗಾಲದಲ್ಲಿ ಕೊಳೆರೋಗ ಬಾರದಂತೆ ಅಡಿಕೆಗೆ ಮದ್ದು ಬಿಡುವ ಮನೆಯ ಮಕ್ಕಳು ಮೈಲುತುತ್ತಿನ ನೀಲಿಯನ್ನು ನೋಡಿಯೇ ಬೆಳೆದವರು. ನೂರು ಲೀಟರ್ ನೀರಿಗೆ ಒಂದು ಕಿಲೋ ತುತ್ತು, ಒಂದು ಕಿಲೋ ಸುಣ್ಣ ಎಂಬ ಬೋರ್ಡೋ ದ್ರಾವಣದ ಲೆಕ್ಕ ಅವರಿಗೆ ಬಾಯಲ್ಲೇ ಇದೆ. ಆ ನೀಲಿ ಎಲ್ಲಿಂದ ಬಂತೆಂದು ಕೇಳಿದರೆ ಉತ್ತರ ಈ ಪಟದಲ್ಲೇ ಇರಬೇಕು. ತುತ್ತಿನಲ್ಲಿರುವ ತಾಮ್ರದ ಅಯಾನು 4ಎಸ್‌ನ ಒಂದು, 3ಡಿಯ ಒಂದು, ಹೀಗೆ ಎರಡು ಎಲೆಕ್ಟ್ರಾನ್‌ಗಳನ್ನು ಕಳೆದುಕೊಂಡದ್ದು. 3ಡಿಯಲ್ಲಿ ಒಂಬತ್ತು ಉಳಿದು ಒಂದು ಸ್ಥಾನ ಖಾಲಿಯಾಗಿದೆ. ಸುತ್ತ ನೀರಿನ ಅಣುಗಳಿರುವಾಗ ಡಿ ಕಕ್ಷಕಗಳ ಶಕ್ತಿಯಲ್ಲಿ ವ್ಯತ್ಯಾಸವುಂಟಾಗಿ, ಎಲೆಕ್ಟ್ರಾನ್ ಬೆಳಕಿನ ಕೆಂಪುಭಾಗವನ್ನು ಹೀರಿಕೊಂಡು ಆ ಖಾಲಿ ಸ್ಥಾನಕ್ಕೆ ಏರುತ್ತದೆ, ಉಳಿದ ನೀಲಿ ನಮ್ಮ ಕಣ್ಣಿಗೆ ಬರುತ್ತದೆ. ಪಕ್ಕದ ಮನೆಯ ಸತುವಿನ ಅಯಾನಿನಲ್ಲಿ 3ಡಿ ಭರ್ತಿ, ಏರಲು ಸ್ಥಳವಿಲ್ಲ. ಗದ್ದೆಗೆ ಹಾಕುವ ಸತುವಿನ ಸಲ್ಫೇಟ್ ಬಿಳಿಯಾಗಿಯೇ ಇರುತ್ತದೆ. ಒಂದು ಗಾಜಿನ ಲೋಟದಲ್ಲಿ ತುತ್ತಿನ ನೀರು, ಇನ್ನೊಂದರಲ್ಲಿ ಸತುವಿನ ಸಲ್ಫೇಟಿನ ನೀರು ಇಟ್ಟು ನಾನು ಇದನ್ನು ತೋರಿಸಿದೆ. ಪಟದ ಮೇಲಿನ ತಪ್ಪು ಸಂಖ್ಯೆಯ ಮೇಲೆ ಆ ದಿನವೇ ಬಿಳಿ ಚೀಟಿ ಅಂಟಿಸಿದೆ.

ಭಾಷೆಯ ಕುರಿತು ಒಂದು ಆಕ್ಷೇಪ ಇದೆ, ಅದು ಮುದ್ರಣದೋಷಕ್ಕಿಂತ ಗಂಭೀರವಾದದ್ದು. ಪಟದ ತುಂಬ 'ಕಕ್ಷೆ' ಎಂಬ ಒಂದೇ ಶಬ್ದವನ್ನು ಎರಡು ಬೇರೆ ಬೇರೆ ಅರ್ಥಗಳಲ್ಲಿ ಬಳಸಿದ್ದಾರೆ. 1913ರಲ್ಲಿ ಬೋರ್ ಹೇಳಿದ, ಬೀಜಕೇಂದ್ರದ ಸುತ್ತ ಎಲೆಕ್ಟ್ರಾನ್ ತಿರುಗುವ ನಿಶ್ಚಿತ ದಾರಿಗೆ ಕಕ್ಷೆ ಎಂದರೆ ಸರಿ. 1926ರಲ್ಲಿ ಷ್ರೋಡಿಂಗರ್ ಸಮೀಕರಣ ಬಂದ ಮೇಲೆ ದೊರೆತ ಕಲ್ಪನೆಯಲ್ಲಿ ಅಂಥ ದಾರಿಯೇ ಇಲ್ಲ. ಎಲೆಕ್ಟ್ರಾನ್ ಸಿಗುವ ಸಂಭವ ಹೆಚ್ಚಿರುವ ಪ್ರದೇಶವಷ್ಟೇ ಇದೆ, ಅದಕ್ಕೆ ಕನ್ನಡದಲ್ಲಿ 'ಕಕ್ಷಕ' ಎಂಬ ಒಳ್ಳೆಯ ಶಬ್ದವೂ ಇದೆ. ಪಟದ ಪ್ರಕಾರ ಓದಿದ ಹುಡುಗ ಪಿ ಕಕ್ಷಕವನ್ನು ಡಂಬೆಲ್ ಆಕಾರದಲ್ಲಿ ಬರೆದು, ಅದರ ಅಂಚಿನಲ್ಲಿ ಎಲೆಕ್ಟ್ರಾನ್ ಓಡುತ್ತಿರುವಂತೆ ಚುಕ್ಕೆಗಳನ್ನಿಟ್ಟಿದ್ದ. ತಪ್ಪು ಅವನದಲ್ಲ, ಶಬ್ದದ್ದು. ಹಳೆಯ ಪುಸ್ತಕಗಳಲ್ಲಿ ಮೂಲವಸ್ತು, ಹೊಸದರಲ್ಲಿ ಧಾತು ಎಂದಿರುವಂಥ ವ್ಯತ್ಯಾಸವನ್ನು ಮಕ್ಕಳು ಸುಲಭವಾಗಿ ದಾಟುತ್ತಾರೆ, ಅಲ್ಲಿ ಅರ್ಥ ಒಂದೇ. ಎರಡು ಅರ್ಥಕ್ಕೆ ಒಂದೇ ಶಬ್ದ ಕೊಟ್ಟರೆ ಮಾತ್ರ ದಾರಿ ತಪ್ಪುತ್ತದೆ.

ಕೆಳಗಿನ ಇತಿಹಾಸದ ಪಟ್ಟಿಯಲ್ಲಿ ಡಾಲ್ಟನ್, 1897ರ ಥಾಮ್ಸನ್, 1911ರ ರುದರ್‌ಫೋರ್ಡ್, ಬೋರ್, 1932ರ ಚಾಡ್ವಿಕ್ ಇದ್ದಾರೆ. ಮೆಂಡಲೀವ್ 1869ರಲ್ಲಿ ಖಾಲಿ ಬಿಟ್ಟ ಮನೆಗಳನ್ನೂ, ನಮ್ಮ 'ಏಕ' ಶಬ್ದವನ್ನೇ ಸೇರಿಸಿ ಅವನು ಏಕ-ಅಲ್ಯೂಮಿನಿಯಂ ಎಂದು ಕರೆದದ್ದು 1875ರಲ್ಲಿ ಗ್ಯಾಲಿಯಂ ಆಗಿ ಸಿಕ್ಕಿದ್ದನ್ನೂ ಚೆನ್ನಾಗಿ ಹೇಳಿದ್ದಾರೆ. ಮೋಸ್ಲೆಯ ಹೆಸರೇ ಇಲ್ಲ. ಆರ್ಗಾನ್‌ನ ಪರಮಾಣು ರಾಶಿ 39.95, ಪೊಟ್ಯಾಸಿಯಂನದು 39.10 ಎಂದು ಪಟದಲ್ಲೇ ಮುದ್ರಿತವಾಗಿರುವಾಗ, ಭಾರವಾದದ್ದು ಮೊದಲು ಏಕೆ ಬಂತೆಂದು ಯಾವ ಮಗುವಾದರೂ ಕೇಳುತ್ತದೆ. 1913ರಲ್ಲಿ ಕ್ಷ-ಕಿರಣಗಳ ಅಧ್ಯಯನದಿಂದ ಪರಮಾಣು ಸಂಖ್ಯೆಯೇ ಕ್ರಮದ ಆಧಾರವೆಂದು ತೋರಿಸಿದ, ಎರಡು ವರ್ಷಗಳಲ್ಲೇ ಗ್ಯಾಲಿಪೊಲಿಯ ಯುದ್ಧದಲ್ಲಿ ಇಪ್ಪತ್ತೇಳನೆಯ ವಯಸ್ಸಿಗೆ ತೀರಿಕೊಂಡ ಆ ತರುಣನಿಗೆ ಒಂದು ಸಾಲು ಸಲ್ಲಬೇಕಿತ್ತು.

ಪಟದಲ್ಲಿ 113, 115, 117, 118ನೆಯ ಧಾತುಗಳಿಗೆ ಇನ್ನೂ ತಾತ್ಕಾಲಿಕ ಹೆಸರುಗಳೇ ಇವೆ. 2016ರಲ್ಲಿ ನಿಹೋನಿಯಂ, ಮಾಸ್ಕೋವಿಯಂ, ಟೆನ್ನೆಸಿನ್, ಒಗನೆಸಾನ್ ಎಂದು ಹೆಸರು ನಿಶ್ಚಯವಾಗಿದೆ. ಅಕ್ಷರಗಳು ದಪ್ಪವಾಗಿ, ಒತ್ತಕ್ಷರಗಳು ಒಡೆಯದೆ, ಜಗಲಿಯ ಆ ತುದಿಯಿಂದಲೂ ಓದಬಹುದಾದಂತಿವೆ. ಲ್ಯಾಮಿನೇಷನ್ ನಮ್ಮ ಮಳೆಗೆ ಸಾಲದು. ಜುಲೈ ತಿಂಗಳಲ್ಲಿ ಕೆಳಗಿನ ಪಟ್ಟಿಯ ಬಳಿ ಎದ್ದುಬಂದು ತೇವ ಒಳಗಿಳಿಯಿತು. ಎರಚಲು ಬೀಳದ ಒಳಗೋಡೆಗೆ ಹಾಕುವುದೇ ಒಳ್ಳೆಯದು.

ಇಷ್ಟೆಲ್ಲ ಇದ್ದರೂ, ಪ್ಲಸ್ ವನ್ ಅಥವಾ ಹತ್ತನೆಯ ತರಗತಿಯ ಮಕ್ಕಳಿರುವ ಮನೆಗೆ ಇದನ್ನು ಕೊಳ್ಳಿರೆಂದೇ ಹೇಳುತ್ತೇನೆ, ಏಕೆಂದರೆ ಕೋಷ್ಟಕದಲ್ಲಿ ಸ್ಥಾನವೇ ವಿನ್ಯಾಸವನ್ನು ಹೇಳುತ್ತದೆ ಎಂಬುದನ್ನು ಕನ್ನಡದಲ್ಲಿ ಇಷ್ಟು ಸ್ಪಷ್ಟವಾಗಿ ತೋರಿಸುವ ಬೇರೆ ಪಟ ನನ್ನ ಕಣ್ಣಿಗೆ ಬಿದ್ದಿಲ್ಲ. ತಿದ್ದುಪಡಿಗಳನ್ನು ಬರೆದು ಪ್ರಕಾಶಕರಿಗೆ ಪತ್ರ ಹಾಕಿದ್ದೇನೆ. ಮುಂದಿನ ಮುದ್ರಣದಲ್ಲಿ ಸರಿಪಡಿಸುವುದಾಗಿ ಸೌಜನ್ಯದಿಂದಲೇ ಉತ್ತರ ಬಂದಿದೆ. ಹಳೆಯ ಪ್ರತಿಗಳು ಅಂಗಡಿಯಲ್ಲಿ ಇನ್ನೂ ಇರುವುದರಿಂದ, ಹಣ ಕೊಡುವ ಮೊದಲು ಪಟವನ್ನು ಬಿಡಿಸಿ 24ನೆಯ ಮನೆಯನ್ನು ನೋಡಿ. ಕ್ರೋಮಿಯಂನ 3ಡಿಯಲ್ಲಿ ಐದು ಎಂದಿದ್ದರೆ ಅದು ಹೊಸ ಮುದ್ರಣ; ನಾಲ್ಕು ಎಂದಿದ್ದರೆ ಮನೆಗೆ ತಂದ ದಿನವೇ ಕ್ರೋಮಿಯಂ, ತಾಮ್ರ, ಪೆಲೇಡಿಯಂ ಮೂರರ ಮೇಲೂ ಚೀಟಿ ಅಂಟಿಸಿ, ಆಮೇಲೆ ಗೋಡೆಗೇರಿಸಿ.