ಹ್ಯಾವ್ ಐ ಬೀನ್ ಪೋನ್ಡ್: ನಮ್ಮ ಬಗ್ಗೆ ವಂಚಕರಿಗೆ ಏನೆಲ್ಲ ಗೊತ್ತಿರಬಹುದು?

ವಂಚನೆಯ ಕರೆಯನ್ನು ವಿದ್ಯಾವಂತರೂ ನಂಬಿಬಿಡುವುದಕ್ಕೆ ಒಂದು ಮುಖ್ಯ ಕಾರಣವಿದೆ. ಕರೆ ಮಾಡಿದವನು ನಮ್ಮ ಹೆಸರು, ಜನ್ಮದಿನಾಂಕ, ವಿಳಾಸಗಳನ್ನು ತಡವರಿಸದೆ ಹೇಳುತ್ತಾನೆ. ಇಷ್ಟೆಲ್ಲ ತಿಳಿದವನು ಬ್ಯಾಂಕಿನವನೇ ಆಗಿರಬೇಕು ಎಂದು ಮನಸ್ಸು ಒಪ್ಪಿಕೊಳ್ಳುತ್ತದೆ. ಈ ವಿವರಗಳು ಅವನಿಗೆ ಎಲ್ಲಿಂದ ಸಿಕ್ಕಿರಬಹುದು ಎಂಬ ಪ್ರಶ್ನೆಗೆ ಉತ್ತರದ ಒಂದು ಭಾಗವನ್ನಾದರೂ ಕಣ್ಣೆದುರು ಇಡುವ ಸೇವೆ ‘ಹ್ಯಾವ್ ಐ ಬೀನ್ ಪೋನ್ಡ್’. ಆಸ್ಟ್ರೇಲಿಯಾದ ಭದ್ರತಾ ತಜ್ಞ ಟ್ರಾಯ್ ಹಂಟ್ 2013ರ ಡಿಸೆಂಬರ್‌ನಲ್ಲಿ ಆರಂಭಿಸಿದ ಈ ಜಾಲತಾಣದಲ್ಲಿ ನಮ್ಮ ಇಮೇಲ್ ವಿಳಾಸವನ್ನು ಹುಡುಕಲು ಹಣ ಕೊಡಬೇಕಾಗಿಲ್ಲ, ಖಾತೆ ತೆರೆಯಬೇಕಾಗಿಯೂ ಇಲ್ಲ.

ಬಳಸುವ ಕ್ರಮ ಸರಳವಾಗಿದೆ. ಇಮೇಲ್ ವಿಳಾಸವನ್ನು ಬರೆದು ಗುಂಡಿ ಒತ್ತಿದರೆ, ಆ ವಿಳಾಸ ಯಾವ ಯಾವ ಕಂಪನಿಗಳ ದತ್ತಾಂಶ ಸೋರಿಕೆಯಲ್ಲಿ ಸಿಕ್ಕಿಬಿದ್ದಿದೆ ಎಂಬ ಪಟ್ಟಿ ಬರುತ್ತದೆ. ಪ್ರತಿಯೊಂದು ಸೋರಿಕೆಯ ಕೆಳಗೆ ಅದು ನಡೆದ ಕಾಲ, ಒಟ್ಟು ಎಷ್ಟು ಖಾತೆಗಳು ಬಯಲಾದವು, ಯಾವ ಬಗೆಯ ವಿವರಗಳು ಹೊರಬಿದ್ದವು ಎಂಬುದನ್ನು ಬರೆದಿರುತ್ತಾರೆ. ಹೆಚ್ಚಿನವರು ಪಟ್ಟಿಯ ಉದ್ದವನ್ನು ನೋಡಿ ಗಾಬರಿಯಾಗಿ ಪುಟ ಮುಚ್ಚಿಬಿಡುತ್ತಾರೆ. ನಿಜವಾಗಿ ನಿಧಾನವಾಗಿ ಓದಬೇಕಾದದ್ದು ಕೊನೆಯ ಆ ಸಾಲನ್ನೇ. ಉದಾಹರಣೆಗೆ, 2013ರಲ್ಲಿ ತಂತ್ರಾಂಶ ಕಂಪನಿ ಅಡೋಬಿಯಲ್ಲಿ ಆದ ಸೋರಿಕೆಯಲ್ಲಿ ಸುಮಾರು 15 ಕೋಟಿ ಖಾತೆಗಳ ವಿವರ ಹೊರಬಂದಿತ್ತು. ಅದರಲ್ಲಿ ಪಾಸ್‌ವರ್ಡ್‌ಗಳು ಗೂಢಲಿಪಿಯಲ್ಲಿದ್ದರೂ, ಪಾಸ್‌ವರ್ಡ್ ನೆನಪಿಸಿಕೊಳ್ಳಲು ಬಳಕೆದಾರರು ಬರೆದಿಟ್ಟಿದ್ದ ಸುಳಿವುಗಳು ಯಾರು ಬೇಕಾದರೂ ಓದುವಂತೆ ಹಾಗೆಯೇ ಇದ್ದವು. ಸಾಕುನಾಯಿಯ ಹೆಸರು, ಮಗಳು ಹುಟ್ಟಿದ ವರ್ಷ ಎಂದೆಲ್ಲ ಬರೆದಿಡುವ ಸುಳಿವು, ಬೀಗ ಹಾಕಿದ ಪೆಟ್ಟಿಗೆಯ ಮೇಲೆಯೇ ಕೀಲಿಕೈ ಇಟ್ಟಂತೆ.

ಲಿಂಕ್ಡ್‌ಇನ್‌ನ ನಮೂದು ಇನ್ನೊಂದು ಸಂಗತಿಯನ್ನು ಮನವರಿಕೆ ಮಾಡಿಕೊಡುತ್ತದೆ. ಅಲ್ಲಿ ಕಳ್ಳತನ ನಡೆದದ್ದು 2012ರಲ್ಲಿ. 16 ಕೋಟಿಗೂ ಹೆಚ್ಚು ಖಾತೆಗಳ ವಿವರ ಮಾರಾಟಕ್ಕೆ ಬಂದದ್ದು 2016ರಲ್ಲಿ. ನಡುವಿನ ನಾಲ್ಕು ವರ್ಷ ಆ ವಿವರಗಳು ಯಾರ ಯಾರ ಕೈಯಲ್ಲಿದ್ದವೋ, ಅದೇ ಪಾಸ್‌ವರ್ಡನ್ನು ಬೇರೆ ಖಾತೆಗಳಿಗೂ ಬಳಸುತ್ತಿದ್ದವರಿಗೆ ಅದರ ಅರಿವು ಇರಲಿಲ್ಲ. ಒಂದು ಕಡೆ ಕದ್ದ ಪಾಸ್‌ವರ್ಡನ್ನು ನೂರಾರು ತಾಣಗಳಲ್ಲಿ ಯಂತ್ರದ ಮೂಲಕ ಪ್ರಯೋಗಿಸಿ ನೋಡುವುದು ಕಳ್ಳರ ನಿತ್ಯದ ಕಸುಬು. 2018ರಲ್ಲಿ ಲೋಕದ ಎಲ್ಲೆಡೆ ಹರಿದಾಡಿದ ಬೆದರಿಕೆಯ ಇಮೇಲ್‌ಗಳನ್ನು ಹಲವರು ನೆನಪಿಟ್ಟಿರಬಹುದು: ‘ನಿನ್ನ ಪಾಸ್‌ವರ್ಡ್ ಇದು, ನಿನ್ನ ಕ್ಯಾಮೆರಾದಿಂದ ಚಿತ್ರೀಕರಿಸಿದ್ದೇನೆ, ಬಿಟ್‌ಕಾಯಿನ್ ಕಳುಹಿಸು’ ಎಂಬ ಧಾಟಿಯವು. ಯಾವ ಚಿತ್ರೀಕರಣವೂ ನಡೆದಿರಲಿಲ್ಲ. ಪಾಸ್‌ವರ್ಡ್ ಮಾತ್ರ ಹಳೆಯ ಸೋರಿಕೆಯಿಂದ ತೆಗೆದದ್ದು. ಅಂಥ ಇಮೇಲ್ ಬಂದಾಗ ಈ ತಾಣದಲ್ಲಿ ಒಮ್ಮೆ ಹುಡುಕಿ, ಆ ಪಾಸ್‌ವರ್ಡ್ ಬಳಸುತ್ತಿದ್ದ ತಾಣ ಪಟ್ಟಿಯಲ್ಲಿರುವುದನ್ನು ಕಂಡರೆ ಬೆದರಿಕೆಯ ಬಲವೆಲ್ಲ ಇಳಿದುಹೋಗುತ್ತದೆ. ಭಯದಲ್ಲಿರುವ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಉಪಕಾರ ನನಗೆ ತೋಚುವುದಿಲ್ಲ.

ಇದರ ಜೊತೆಗಿರುವ ‘ಪೋನ್ಡ್ ಪಾಸ್‌ವರ್ಡ್ಸ್’ ಎಂಬ ವಿಭಾಗ ಬೇರೆಯದೇ ಕೆಲಸ ಮಾಡುತ್ತದೆ: ಒಂದು ಪಾಸ್‌ವರ್ಡ್ ಈವರೆಗಿನ ಸೋರಿಕೆಗಳಲ್ಲಿ ಎಷ್ಟು ಸಲ ಕಾಣಿಸಿಕೊಂಡಿದೆ ಎಂದು ಹೇಳುತ್ತದೆ. ಪಾಸ್‌ವರ್ಡನ್ನು ಅಪರಿಚಿತ ತಾಣದಲ್ಲಿ ಬರೆಯಬಾರದು ಎಂಬ ಎಚ್ಚರ ಸರಿಯಾದದ್ದೇ, ಆದ್ದರಿಂದ ಇಲ್ಲಿನ ಏರ್ಪಾಟನ್ನು ತಿಳಿದುಕೊಳ್ಳಬೇಕು. ನಾವು ಬರೆದ ಪಾಸ್‌ವರ್ಡ್ ನಮ್ಮ ಯಂತ್ರದಲ್ಲಿಯೇ 40 ಅಕ್ಷರಗಳ ಹ್ಯಾಶ್ ಆಗಿ, ಅಂದರೆ ಮೂಲ ಪಾಸ್‌ವರ್ಡನ್ನು ನೇರವಾಗಿ ತೋರಿಸದ ಸಂಕೇತವಾಗಿ, ಬದಲಾಗುತ್ತದೆ. ಅದರ ಮೊದಲ 5 ಅಕ್ಷರಗಳು ಮಾತ್ರ ಸರ್ವರ್‌ಗೆ ಹೋಗುತ್ತವೆ. ಆ ಐದರಿಂದ ಆರಂಭವಾಗುವ ಎಲ್ಲ ಹ್ಯಾಶ್‌ಗಳ ಪಟ್ಟಿ ಮರಳಿ ಬರುತ್ತದೆ. ಹೋಲಿಕೆ ನಡೆಯುವುದು ನಮ್ಮಲ್ಲೇ. ಹೀಗಾಗಿ ನಾವು ಯಾವ ಪಾಸ್‌ವರ್ಡನ್ನು ವಿಚಾರಿಸಿದೆವು ಎಂಬುದು ತಾಣಕ್ಕೆ ತಿಳಿಯುವುದಿಲ್ಲ. ಪಾಸ್‌ವರ್ಡ್ ಜೋಪಾನ ಮಾಡುವ ಹಲವು ತಂತ್ರಾಂಶಗಳು ಇದೇ ವಿಧಾನವನ್ನು ಒಳಗೊಂಡಿರುವುದರಿಂದ, ಅವುಗಳನ್ನು ಬಳಸುವವರು ಪ್ರತ್ಯೇಕವಾಗಿ ಇಲ್ಲಿಗೆ ಬರಬೇಕಾಗಿಲ್ಲ.

ಯಾರ ಇಮೇಲನ್ನು ಯಾರು ಬೇಕಾದರೂ ಹುಡುಕಬಹುದಲ್ಲ, ಇದು ಖಾಸಗಿತನಕ್ಕೆ ಧಕ್ಕೆಯಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದು. ಅದಕ್ಕಾಗಿಯೇ ವಿವಾಹೇತರ ಸಂಬಂಧ ಅರಸುವವರ ತಾಣವಾದ ಆಷ್ಲಿ ಮ್ಯಾಡಿಸನ್‌ನ 2015ರ ಸೋರಿಕೆಯಂಥ ಸೂಕ್ಷ್ಮ ನಮೂದುಗಳನ್ನು ಬಹಿರಂಗ ಹುಡುಕಾಟದಿಂದ ಹೊರಗಿಟ್ಟಿದ್ದಾರೆ. ಇಮೇಲ್ ತನ್ನದೇ ಎಂದು ದೃಢಪಡಿಸಿದವರಿಗೆ ಮಾತ್ರ ಅವು ಕಾಣುತ್ತವೆ.

ಕೊರತೆಗಳೂ ಇವೆ, ಅವು ಸಣ್ಣವಲ್ಲ. ಪಟ್ಟಿಯಲ್ಲಿ ಹೆಸರಿಲ್ಲ ಎಂಬುದಕ್ಕೆ ನಾವು ಸುರಕ್ಷಿತ ಎಂಬ ಅರ್ಥವಿಲ್ಲ. ಬೆಳಕಿಗೆ ಬಾರದ ಸೋರಿಕೆಗಳ ಬಗ್ಗೆ ಈ ಸೇವೆ ಏನನ್ನೂ ಹೇಳಲಾರದು. ಹುಡುಕಾಟ ಮುಖ್ಯವಾಗಿ ಇಮೇಲ್ ಸುತ್ತ ಹೆಣೆದದ್ದು. ವಂಚಕರಿಗಾದರೋ ಫೋನ್ ನಂಬರೇ ಮುಖ್ಯ: 2021ರಲ್ಲಿ ಬಯಲಾದ ಫೇಸ್‌ಬುಕ್‌ನ 53 ಕೋಟಿಯಷ್ಟು ದಾಖಲೆಗಳಲ್ಲಿ ಇಮೇಲ್ ಇದ್ದದ್ದು ಕೆಲವರದ್ದು, ಫೋನ್ ನಂಬರ್ ಇದ್ದದ್ದು ಬಹುತೇಕ ಎಲ್ಲರದ್ದು. ಇಂಗ್ಲಿಷ್ ಬಾರದ ಹಿರಿಯರು ಮನೆಯವರ ನೆರವಿಲ್ಲದೆ ಇದನ್ನು ಬಳಸುವುದು ಕಷ್ಟ. ಎಲ್ಲಕ್ಕಿಂತ ಮಿಗಿಲಾಗಿ, ಇದು ಆಗಿಹೋದದ್ದನ್ನು ತಿಳಿಸುವ ಸೇವೆಯೇ ಹೊರತು ಆಗಲಿರುವುದನ್ನು ತಡೆಯುವುದಲ್ಲ.

ಈ ಮಿತಿಗೆ ಸ್ವತಃ ಹಂಟ್ ಅವರ ಅನುಭವವೇ ಸಾಕ್ಷಿ. 2025ರ ಮಾರ್ಚ್‌ನಲ್ಲಿ ಸುದ್ದಿಪತ್ರಗಳನ್ನು ಇಮೇಲ್‌ನಲ್ಲಿ ಕಳುಹಿಸಿಕೊಡುವ ಸೇವೆ ಮೇಲ್‌ಚಿಂಪ್‌ನ ಹೆಸರಿನಲ್ಲಿ ಬಂದ ನಕಲಿ ಇಮೇಲನ್ನು ನಂಬಿ, ದೂರಪ್ರಯಾಣದ ದಣಿವಿನಲ್ಲಿ, ಅವರು ನಕಲಿ ಪುಟದಲ್ಲಿ ಪಾಸ್‌ವರ್ಡ್ ಮತ್ತು ಒಟಿಪಿ ಎರಡನ್ನೂ ಬರೆದುಬಿಟ್ಟರು. ಅವರ ಬ್ಲಾಗ್‌ನ ಸುದ್ದಿಪತ್ರಕ್ಕೆ ಚಂದಾದಾರರಾಗಿದ್ದ, ಹಿಂದೆ ಚಂದಾ ಬಿಟ್ಟವರೂ ಸೇರಿ, ಸುಮಾರು 16,000 ಜನರ ಪಟ್ಟಿ ಕಳುವಾಯಿತು. ಆ ಪುಟದಲ್ಲಿ ಅವರ ಪಾಸ್‌ವರ್ಡ್ ತಂತ್ರಾಂಶ ತಾನಾಗಿ ವಿವರ ತುಂಬಿರಲಿಲ್ಲ. ವಿಳಾಸ ಅಸಲಿಯಲ್ಲ ಎಂಬ ಸೂಚನೆ ಅದರಲ್ಲೇ ಇತ್ತು. ನಕಲಿ ಪುಟದಲ್ಲಿ ಬರೆದ ಒಟಿಪಿಯನ್ನು ಕಳ್ಳರು ಆ ಕ್ಷಣವೇ ಅಸಲಿ ಪುಟಕ್ಕೆ ದಾಟಿಸಬಲ್ಲರು; ಪಾಸ್‌ವರ್ಡ್‌ಗೆ ಬದಲಾಗಿ ಬಳಸುವ ಡಿಜಿಟಲ್ ಕೀಲಿಯಾದ ಪಾಸ್‌ಕೀ ಆದರೆ ಅಸಲಿ ವಿಳಾಸದಲ್ಲಲ್ಲದೆ ಕೆಲಸವನ್ನೇ ಮಾಡುವುದಿಲ್ಲ. ಹಂಟ್ ವಿಷಯವನ್ನು ಅಂದೇ ಬಹಿರಂಗಪಡಿಸಿ, ಕಳುವಾದ ತಮ್ಮ ಪಟ್ಟಿಯನ್ನೂ ಇದೇ ಸೇವೆಗೆ ಸೇರಿಸಿದರು. ಈ ಸೇವೆಯ ಮೇಲಿನ ನನ್ನ ವಿಶ್ವಾಸ ಹೆಚ್ಚಿದ್ದು ಆ ನಡೆಯಿಂದಲೇ.

ಬಳಸಬೇಕೆಂದಿರುವವರು ಬ್ಯಾಂಕಿಗೆ ಜೋಡಿಸಿದ ಇಮೇಲ್‌ನಿಂದ ಆರಂಭಿಸಿ, ಈಗ ತೆರೆಯದಿರುವ ಹಳೆಯ ವಿಳಾಸಗಳನ್ನೂ ಪರೀಕ್ಷಿಸುವುದು ಒಳ್ಳೆಯದು. ಹೊಸ ಸೋರಿಕೆಯಲ್ಲಿ ನಮ್ಮ ವಿಳಾಸ ಕಂಡರೆ ತಿಳಿಸುವ ಸೂಚನೆಗೂ ಹೆಸರು ನೋಂದಾಯಿಸಬಹುದು. ಆದರೆ ಅಂಥ ಸೂಚನೆಯನ್ನೇ ಹೋಲುವ ನಕಲಿ ಇಮೇಲ್ ಸೃಷ್ಟಿಸುವುದು ವಂಚಕರಿಗೆ ಕಷ್ಟವಲ್ಲವಾದ್ದರಿಂದ, ಅದರಲ್ಲಿರುವ ಲಿಂಕ್ ಒತ್ತದೆ ತಾಣದ ವಿಳಾಸವನ್ನು ನಾವೇ ಬರೆದು ತೆರೆಯಬೇಕು.