ಹಿನ್ನೀರಿನ ಹಕ್ಕಿ ಗಣತಿಗೆ 20-60×80 ಸ್ಪಾಟಿಂಗ್ ಸ್ಕೋಪ್: 30 ಪಟ್ಟಿನವರೆಗೆ ನೆಚ್ಚಬಹುದು

ತುಂಗಭದ್ರಾ ಹಿನ್ನೀರಿನ ಕೊಪ್ಪಳದ ಕಡೆಯ ದಂಡೆಯಲ್ಲಿ ನೀರು ಹಿಂದೆ ಸರಿದಂತೆಲ್ಲ ಅಗಲವಾದ ಕೆಸರಿನ ಅಂಚು ತೆರೆದುಕೊಳ್ಳುತ್ತದೆ. ಚಳಿಗಾಲದ ಅತಿಥಿ ಹಕ್ಕಿಗಳು ಆ ಅಂಚಿನಲ್ಲೇ ಮೇಯುತ್ತವೆ. ನಾವು ಕಾಲೂರಿ ನಿಲ್ಲಬಹುದಾದ ಗಟ್ಟಿ ನೆಲ ಅಲ್ಲಿಂದ ಬಹಳ ದೂರ. 8×42 ಬೈನಾಕ್ಯುಲರ್‌ನಲ್ಲಿ ಬಣ್ಣದ ಕೊಕ್ಕರೆ, ನಾಮದಕೋಳಿ, ಪಟ್ಟೆತಲೆ ಹೆಬ್ಬಾತುಗಳನ್ನು ಎಣಿಸಲು ತೊಂದರೆಯಿಲ್ಲ. ಆದರೆ ಹೆಚ್ಚುಕಡಿಮೆ ಗುಬ್ಬಿಯಷ್ಟೇ ಗಾತ್ರದ ಕೆಸರುಹಕ್ಕಿಗಳು ಬೂದು ಚುಕ್ಕೆಗಳಾಗಿಯೇ ಉಳಿಯುತ್ತವೆ. 1987ರಲ್ಲಿ ಆರಂಭವಾಗಿ ಪ್ರತಿ ಜನವರಿಯಲ್ಲಿ ನಡೆಯುವ ಏಷ್ಯಾ ಜಲಪಕ್ಷಿ ಗಣತಿಗೆ ಬೇಕಾಗಿರುವುದು ಜಾತಿವಾರು ಸಂಖ್ಯೆ. ಆ ಕೊರತೆ ನೀಗಿಸಿಕೊಳ್ಳಲೆಂದೇ ನಾನು 20ರಿಂದ 60 ಪಟ್ಟು ದೊಡ್ಡದಾಗಿ ತೋರಿಸುವ, 80 ಮಿ.ಮೀ. ಮಸೂರದ ಸ್ಪಾಟಿಂಗ್ ಸ್ಕೋಪ್ (ಟ್ರೈಪಾಡ್ ಮೇಲಿಟ್ಟು ಒಂದೇ ಕಣ್ಣಿನಿಂದ ನೋಡುವ ದೂರದರ್ಶಕ) ಕೊಂಡೆ. ಈ ಅಳತೆಯ ಉಪಕರಣವನ್ನು ಹಲವು ಕಂಪನಿಗಳು ತಯಾರಿಸುತ್ತವೆ. ಇಲ್ಲಿ ಹೇಳುವ ಗುಣದೋಷಗಳು ಬಹುಮಟ್ಟಿಗೆ ಎಲ್ಲಕ್ಕೂ ಅನ್ವಯಿಸುತ್ತವೆ.

ಮೊದಲಿಗೆ ಇದರ ದೊಡ್ಡ ಗುಣ. ಬೆಳಗಿನ ತಂಪಿನಲ್ಲಿ 25 ಪಟ್ಟಿನಲ್ಲಿ ನೋಡಿದಾಗ ಕೆಸರುಹಕ್ಕಿಗಳಲ್ಲಿ ಲಿಟಲ್ ಸ್ಟಿಂಟ್‌ನ ಕಪ್ಪು ಕಾಲು, ಟೆಮಿಂಕ್ ಸ್ಟಿಂಟ್‌ನ ಹಳದಿ ಮಿಶ್ರಿತ ಹಸಿರು ಕಾಲು ಬೇರೆ ಬೇರೆಯಾಗಿ ಕಾಣುತ್ತವೆ. ಲಿಟಲ್ ರಿಂಗ್ಡ್ ಪ್ಲವರ್‌ನ ಕಣ್ಣಿನ ಸುತ್ತಲಿನ ಹಳದಿ ಬಳೆಯೂ, ಕೆಂಟಿಶ್ ಪ್ಲವರ್‌ನ ಎದೆಯ ಮೇಲೆ ನಡುವೆ ತುಂಡಾದ ಪಟ್ಟಿಯೂ ಸ್ಪಷ್ಟ. ಕಾಲಿನ ಬಣ್ಣವೊಂದು ತಿಳಿದರೆ ಗಣತಿ ಪಟ್ಟಿಯ ಎಷ್ಟೋ ಅನುಮಾನಗಳು ಅಲ್ಲೇ ಬಗೆಹರಿಯುತ್ತವೆ.

ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವ 60ಕ್ಕೆ ಮರುಳಾಗಬಾರದು. ಮುಂದಿನ ಮಸೂರದ ವ್ಯಾಸವನ್ನು ಪಟ್ಟಿನಿಂದ ಭಾಗಿಸಿದಷ್ಟು ಅಗಲದ ಬೆಳಕು ಮಾತ್ರ ಕಣ್ಣನ್ನು ಸೇರುತ್ತದೆ: 20ರಲ್ಲಿ 4 ಮಿ.ಮೀ., 60ರಲ್ಲಿ ಕೇವಲ 1.3 ಮಿ.ಮೀ. ನೋಟ ಮಂಕಾಗುತ್ತದೆ, ಅದರ ಹರವೂ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಇದಕ್ಕಿಂತ ದೊಡ್ಡ ತೊಡಕು ನಮ್ಮ ಬಿಸಿಲು. ಹೊತ್ತೇರಿ ನೆಲ ಕಾದು ಬಿಸಿಲುಗುದುರೆ ಕುಣಿಯತೊಡಗಿದ ಮೇಲೆ ಹೆಚ್ಚಿನ ಪಟ್ಟು ದೊಡ್ಡದು ಮಾಡುವುದು ಆ ನಡುಕವನ್ನೇ. ಹಕ್ಕಿಯ ಅಂಚು ಕರಗಿಹೋಗುತ್ತದೆ, ಎಷ್ಟು ಬೆಲೆಯ ಗಾಜೂ ಅದನ್ನು ಸರಿಪಡಿಸಲಾರದು. ಆದ್ದರಿಂದ ನನ್ನ ಎಣಿಕೆಯೆಲ್ಲ 20ರಿಂದ 30ರೊಳಗೆ ನಡೆಯುತ್ತದೆ. ಹಣವಿದ್ದರೆ ಅದನ್ನು ಇ.ಡಿ. (ED) ಗಾಜಿಗೆ, ಅಂದರೆ ಬೆಳಕಿನ ಬಣ್ಣಗಳು ಚದುರುವುದನ್ನು ತಗ್ಗಿಸುವ ವಿಶೇಷ ಗಾಜಿಗೆ ಹಾಕಿ: ಬೆಳ್ಳಕ್ಕಿ, ಚಮಚಕೊಕ್ಕುಗಳಂಥ ಬಿಳಿ ಹಕ್ಕಿಗಳ ಸುತ್ತ ಕಾಣುವ ನೇರಳೆ ಅಂಚು ಅದರಿಂದ ಬಹಳಷ್ಟು ತಗ್ಗುತ್ತದೆ.

ಕಾಲುಗಂಬದ ವಿಷಯದಲ್ಲಿ ಉಳಿತಾಯ ಸಲ್ಲದು. ಹಿನ್ನೀರಿನ ಮೇಲಿಂದ ಬೀಸುವ ಗಾಳಿಗೆ ಹಗುರ ಟ್ರೈಪಾಡ್ ಅದುರುತ್ತದೆ, ಅದುರಿದರೆ ಎಣಿಕೆ ತಪ್ಪುತ್ತದೆ. ದಂಡೆಯ ಒಂದು ಜಾಲಿ ಗಿಡವನ್ನು ಗುರುತು ಮಾಡಿಕೊಂಡು, ಎಡದಿಂದ ಬಲಕ್ಕೆ ನಿಧಾನವಾಗಿ ಸ್ಕೋಪ್ ತಿರುಗಿಸುತ್ತ, ಬಲಗೈಯಲ್ಲಿ ಟ್ಯಾಲಿ ಕೌಂಟರ್ ಒತ್ತುತ್ತ ಹೋಗುವುದು ನಮ್ಮ ರೂಢಿ. ಸೂಜಿಬಾಲದ ಬಾತುಗಳು ದಟ್ಟವಾಗಿ ಕೂತಿದ್ದರೆ, ಮೊದಲು ಐವತ್ತನ್ನು ಒಂದೊಂದಾಗಿ ಎಣಿಸಿ, ಅಷ್ಟು ಹಕ್ಕಿಗಳು ಆವರಿಸುವ ಜಾಗದ ಅಳತೆಯಿಂದ ಉಳಿದವನ್ನು ಅಂದಾಜಿಸುತ್ತೇವೆ. ಮೀನುಗಾರರ ಹರಿಗೋಲು ಹತ್ತಿರ ಬಂದು ಹಿಂಡು ಎದ್ದಿತೆಂದರೆ ಮತ್ತೆ ಮೊದಲಿನಿಂದ ಶುರು. ಅವರ ದುಡಿಮೆಯ ಹೊತ್ತೂ ಅದೇ ಆದ್ದರಿಂದ ನಾವೇ ಕಾಯಬೇಕು.

2024ರಲ್ಲಿ ರಾಮ್ಸಾರ್ ತಾಣವಾದ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂಬ ಮಾನ್ಯತೆ ಪಡೆದ) ಕುಮಟಾ ಬಳಿಯ ಅಘನಾಶಿನಿ ಅಳಿವೆಗೂ ಇದೇ ಸ್ಕೋಪ್ ಹೊತ್ತೊಯ್ದಿದ್ದೇನೆ. ಅಲ್ಲಿ ಹೊತ್ತು ನಿರ್ಧರಿಸುವುದು ಸಮುದ್ರ. ಇಳಿತದಲ್ಲಿ ಹಕ್ಕಿಗಳು ಕೆಸರು ಬಯಲಿನುದ್ದಕ್ಕೂ ಚದುರಿ ಮೇಯುತ್ತವೆ, ಭರತ ಏರಿದಂತೆ ಮುಳುಗದೆ ಉಳಿದ ದಿಬ್ಬಗಳಿಗೆ ಬಂದು ಒತ್ತಾಗಿ ನಿಲ್ಲುತ್ತವೆ. ಎಣಿಸಲು ಆ ಭರತದ ಆಸುಪಾಸಿನ ಸಮಯವೇ ಸೂಕ್ತ, ಸ್ಕೋಪಿನ ಪೂರ್ತಿ ಬೆಲೆ ತಿಳಿಯುವುದೂ ಆಗಲೇ. ಉಪ್ಪುಗಾಳಿಗೆ ಒಡ್ಡಿದ ದಿನ ಸಂಜೆ ಹೊರಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಲೇಬೇಕು.

ನಮ್ಮ ಕಡೆ ಉಪ್ಪಿನ ಬದಲು ಎರೆಮಣ್ಣಿನ ಧೂಳು. ಜೂಮ್ ಉಂಗುರದ ಸಂದಿಗೆ ಅದು ಸೇರಿ, ತಿರುಗಿಸುವಾಗ ಕರಕರ ಎನ್ನುತ್ತದೆ. ನೀರು ಒಳಹೋಗದಂತೆ ಮುಚ್ಚಿ, ಒಳಗೆ ಮಂಜು ಕಟ್ಟದಂತೆ ಸಾರಜನಕ ತುಂಬಿದ ಮಾದರಿಯಾದರೂ ಹೊರಗಿನ ಉಂಗುರಕ್ಕೆ ಆ ರಕ್ಷಣೆಯಿಲ್ಲ. ಮಸೂರದ ಧೂಳನ್ನು ಬ್ಲೋವರ್‌ನಿಂದ ಊದಿದ ಮೇಲಷ್ಟೇ ಬಟ್ಟೆ ತಾಗಿಸಿ.

ಕಣ್ಣಿಡುವ ಭಾಗ (ಐಪೀಸ್) 45 ಡಿಗ್ರಿ ಬಾಗಿರುವ ಮಾದರಿಯನ್ನೇ ನಾನು ಸೂಚಿಸುತ್ತೇನೆ. ಹಕ್ಕಿಗೆ ಗುರಿ ಹಿಡಿಯುವುದು ಆರಂಭದಲ್ಲಿ ಕಷ್ಟವಾದರೂ, ಶಾಲೆಯ ಮಕ್ಕಳೂ ಎತ್ತರದವರೂ ಟ್ರೈಪಾಡ್ ಏರಿಳಿಸದೆ ಸರದಿಯಲ್ಲಿ ನೋಡಬಹುದು. ಕನ್ನಡಕ ಹಾಕುವವರು ಮಾತ್ರ ಕೊಳ್ಳುವ ಮುನ್ನ ತಮ್ಮ ಕನ್ನಡಕದೊಂದಿಗೇ ಪರೀಕ್ಷಿಸಬೇಕು, ಏಕೆಂದರೆ ಜೂಮ್ ಐಪೀಸ್‌ಗಳಲ್ಲಿ ನೋಟದ ಅಂಚು ಹಲವರಿಗೆ ಕತ್ತರಿಸಿದಂತೆ ಕಾಣುತ್ತದೆ. ಐಪೀಸ್ ಬದಲಿಸಲು ಬರುವ ಮಾದರಿ ಸಿಕ್ಕರೆ, ಜೂಮ್ ಬಿಟ್ಟು 30ರ ಆಸುಪಾಸಿನ ಒಂದೇ ಪಟ್ಟಿನ, ಅಗಲ ನೋಟದ ಐಪೀಸ್ ಕೊಳ್ಳಿ.