1962 ಅಥವಾ 1971: ಯಾವ ಯುದ್ಧವನ್ನು ಮೊದಲು ಓದಬೇಕು?

ರಾಜಕೀಯ ನಿರ್ಧಾರ ರಣರಂಗದ ಗತಿಯನ್ನು ಹೇಗೆ ಬದಲಿಸುತ್ತದೆ ಎಂದು ತಿಳಿಯಬೇಕಾದರೆ 1962ರ ಭಾರತ-ಚೀನಾ ಯುದ್ಧವನ್ನೇ ಮೊದಲು ಆರಿಸಿಕೊಳ್ಳಿ. ರಕ್ಷಣಾ ಸಚಿವ ಕೃಷ್ಣ ಮೆನನ್ ಜೊತೆಗಿನ ಭಿನ್ನಮತದಿಂದ ಭೂಸೇನೆಯ ಮುಖ್ಯಸ್ಥ, ಕೊಡಗಿನ ಜನರಲ್ ತಿಮ್ಮಯ್ಯ 1959ರಲ್ಲೇ ರಾಜೀನಾಮೆ ಕೊಟ್ಟು, ನೆಹರೂ ಒತ್ತಾಯಕ್ಕೆ ಹಿಂಪಡೆದಿದ್ದರು. ಬಿರುಕು ಅಲ್ಲಿಂದಲೇ ಕಾಣುತ್ತದೆ. ಬೆಚ್ಚನೆಯ ಉಡುಪೂ ಸಾಕಷ್ಟಿಲ್ಲದ ಸೈನಿಕರನ್ನು ದೆಹಲಿ ಹಿಮದ ಠಾಣೆಗಳಿಗೆ ಕಳುಹಿಸಿತು. ಯುದ್ಧವಿಮಾನಗಳನ್ನು ದಾಳಿಗೆ ಬಳಸಲೇ ಇಲ್ಲ. ಇದನ್ನು ಓದುವಾಗ ಇಂದಿಗೂ ಸಂಕಟವಾಗುತ್ತದೆ. ಒಂದು ತೊಡಕು: ಈ ಸೋಲಿನ ಬಗ್ಗೆ ಸೇನೆಯೇ ನಡೆಸಿದ ವಿಚಾರಣೆಯ ಹೆಂಡರ್ಸನ್ ಬ್ರೂಕ್ಸ್ ವರದಿಯನ್ನು ಸರ್ಕಾರ ಅಧಿಕೃತವಾಗಿ ಪ್ರಕಟಿಸಿಲ್ಲ.

ಸಮಯ ಕಡಿಮೆಯಿದ್ದರೆ 1971ರ ಭಾರತ-ಪಾಕಿಸ್ತಾನ ಯುದ್ಧ ಸಾಕು. ಇಂದಿರಾ ಗಾಂಧಿ ಸರ್ಕಾರ ಮಳೆಗಾಲ ಮುಗಿಯುವವರೆಗೆ ಕಾಯಿತು. ಆಗಸ್ಟ್ 9ರಂದು ಸೋವಿಯತ್ ಒಕ್ಕೂಟದೊಂದಿಗೆ ಒಪ್ಪಂದ ಮಾಡಿಕೊಂಡಿತು. ಡಿಸೆಂಬರ್ 3ರಂದು ಯುದ್ಧ ಶುರುವಾದಾಗ ಉತ್ತರದ ಕಣಿವೆದಾರಿಗಳಲ್ಲಿ ಹಿಮವಿತ್ತು, ಪಾಕಿಸ್ತಾನದ ನೆರವಿಗೆ ಚೀನಾ ಬರುವುದು ಕಷ್ಟವಿತ್ತು. 16ರಂದು ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾಯಿತು.